ಒಂದೇ ನೆಲ, ಎರಡು ಇತಿಹಾಸ: ಇಸ್ರೇಲ್-ಪ್ಯಾಲೆಸ್ತೀನ್ ಕಥೇನ ಓದೋದು ಹೇಗೆ

ಒಂದು ದೊಡ್ಡ ಸೈಜಿನ ನೋಟ್‌ಬುಕ್ ತಗೊಳ್ಳಿ, ಪುಟಕ್ಕೆ ಮೇಲಿಂದ ಕೆಳಗೆ ಎರಡು ಗೀಟು ಎಳೀರಿ, ಮೂರು ಕಾಲಂ ಆಗತ್ತೆ. ಎಡಗಡೆ ಕಾಲಂ ಯಹೂದಿಗಳು ತಮ್ಮ ಕಥೇನ ಹೇಗೆ ಹೇಳ್ಕೋತಾರೆ ಅನ್ನೋದಕ್ಕೆ, ಬಲಗಡೆದು ಪ್ಯಾಲೆಸ್ತೀನಿಯರು ಹೇಗೆ ಹೇಳ್ಕೋತಾರೆ ಅನ್ನೋದಕ್ಕೆ, ಮಧ್ಯದ್ದು ಸದ್ಯಕ್ಕೆ ಖಾಲಿ ಇರ್ಲಿ.

ಈ ಐಡಿಯಾ ನನ್ನದಲ್ಲ. ಇಸ್ರೇಲಿನ ಮನಶ್ಶಾಸ್ತ್ರಜ್ಞ ಡಾನ್ ಬಾರ್-ಓನ್, ಬೆತ್ಲೆಹೆಮ್ ಯೂನಿವರ್ಸಿಟಿಯ ಸಾಮಿ ಅದ್ವಾನ್ ಅಂತ ಇಬ್ಬರು ಪ್ರೊಫೆಸರುಗಳು ಎರಡೂ ಕಡೆಯ ಇತಿಹಾಸದ ಮೇಷ್ಟ್ರುಗಳನ್ನ ಒಟ್ಟಿಗೆ ಕೂರಿಸಿ ಒಂದು ಪಠ್ಯ ಬರೆಸಿದ್ರು, ಅದೂ ಎರಡನೇ ಇಂತಿಫಾದಾ, ಅಂದ್ರೆ ಪ್ಯಾಲೆಸ್ತೀನಿಯರ ದಂಗೆ ನಡೀತಿದ್ದಾಗ, ಚೆಕ್‌ಪಾಯಿಂಟ್ ದಾಟಿ ಮೀಟಿಂಗಿಗೆ ಬರೋದೇ ದೊಡ್ಡ ಕಷ್ಟ ಆಗಿದ್ದ ಕಾಲದಲ್ಲಿ. ಪುಟದ ಒಂದು ಬದಿ ಇಸ್ರೇಲಿ ಕಥನ, ಇನ್ನೊಂದು ಬದಿ ಪ್ಯಾಲೆಸ್ತೀನಿ ಕಥನ, ನಡುವೆ ಖಾಲಿ ಜಾಗ, ಅದನ್ನ ಓದೋ ವಿದ್ಯಾರ್ಥಿನೇ ತುಂಬಬೇಕು. ಮೊದಲು ಮೂರೇ ವಿಷಯ ತಗೊಂಡ್ರು: 1917ರ ಬಾಲ್ಫೋರ್ ಘೋಷಣೆ, 1948ರ ಯುದ್ಧ, 1987ರ ಮೊದಲ ಇಂತಿಫಾದಾ. ಎರಡನ್ನೂ ಬೆರೆಸಿ ಒಂದು ಸಮಾಧಾನದ ಇತಿಹಾಸ ಬರೆಯೋಕೆ ಅವರು ಹೋಗ್ಲಿಲ್ಲ, ಅಕ್ಕಪಕ್ಕ ಇಟ್ಟು ಬಿಟ್ರು. ನನಗೆ ಇದು ಈ ವಿಷಯದಲ್ಲಿ ಸಿಕ್ಕಿರೋ ಅತ್ಯಂತ ಪ್ರಾಮಾಣಿಕ ವಿಧಾನ ಅನ್ಸತ್ತೆ, ಅದಕ್ಕೇ ಈ ಪೂರ್ತಿ ಬರಹ ಆ ಮೂರು ಕಾಲಂ ಹೇಗೆ ತುಂಬೋದು ಅನ್ನೋದರ ಬಗ್ಗೆನೇ.

ಮೊದಲು ಹೆಸರುಗಳು

ಇತಿಹಾಸಕ್ಕೆ ಕೈ ಹಾಕೋ ಮುಂಚೆ ಒಂದು ಪುಟ ಬರೀ ಹೆಸರುಗಳಿಗೆ ಇಡಿ. 1948ರ ಯುದ್ಧಕ್ಕೆ ಎಡಗಡೆ ‘ಸ್ವಾತಂತ್ರ್ಯ ಯುದ್ಧ’, ಬಲಗಡೆ ‘ನಕ್ಬಾ’, ಅಂದ್ರೆ ಮಹಾ ವಿಪತ್ತು. ಯಹೂದಿಗಳು ಆ ನೆಲಕ್ಕೆ ವಲಸೆ ಬಂದಿದ್ದಕ್ಕೆ ಹೀಬ್ರೂನಲ್ಲಿ ‘ಅಲಿಯಾ’ ಅಂತಾರೆ, ಮೇಲಕ್ಕೆ ಏರೋದು ಅಂತ ಅರ್ಥ, ಅದೇ ವಲಸೇನ ಅಲ್ಲಿ ಮೊದಲಿಂದ ಇದ್ದವರು ನೋಡಿದ್ದು ತಮ್ಮ ಊರಿನ ಮೇಲೆ ಬೇರೆಯವರು ಬಂದು ನೆಲೆ ಊರೋ ಕೆಲಸ ಅಂತ. 1936ರಿಂದ 39ರವರೆಗೆ ನಡೆದ ಅರಬ್ ದಂಗೆಗೆ ಹೀಬ್ರೂನಲ್ಲಿ ‘ಘಟನೆಗಳು’ ಅನ್ನೋ ಸಪ್ಪೆ ಪದ, ಅರಬ್ಬಿಯಲ್ಲಿ ‘ಮಹಾ ಕ್ರಾಂತಿ’. ಜೆರುಸಲೇಂನ ಆ ಎತ್ತರದ ಜಾಗ ಒಬ್ಬರಿಗೆ ದೇವಾಲಯದ ಬೆಟ್ಟ, ಇನ್ನೊಬ್ಬರಿಗೆ ಹರಂ ಅಲ್-ಶರೀಫ್. ಹೆಬ್ರಾನ್‌ಗೆ ಅರಬ್ಬಿಯಲ್ಲಿ ಅಲ್-ಖಲೀಲ್, ನಾಬ್ಲುಸ್‌ಗೆ ಹೀಬ್ರೂನಲ್ಲಿ ಶೆಖೆಮ್, ವೆಸ್ಟ್ ಬ್ಯಾಂಕ್ ಅಂತ ನಾವು ಪೇಪರಲ್ಲಿ ಓದೋದನ್ನ ಇಸ್ರೇಲ್ ಸರ್ಕಾರ ಜುಡೇಯಾ-ಸಮೇರಿಯಾ ಅನ್ನತ್ತೆ.

ಇದನ್ನ ಯಾಕೆ ಮೊದಲು ಮಾಡ್ಬೇಕು ಅಂದ್ರೆ, ಮುಂದೆ ನೀವು ಯಾವ ಲೇಖನ ಓದಿದ್ರೂ ಎರಡನೇ ಸಾಲಿಗೆ ಬರೋಷ್ಟರಲ್ಲಿ ಅದು ಯಾವ ಕಾಲಂನಿಂದ ಬಂದಿದ್ದು ಅಂತ ಹೆಸರುಗಳೇ ಹೇಳ್ಬಿಡ್ತವೆ. ಹಾಗಂತ ಅದು ಸುಳ್ಳು ಅಂತಲ್ಲ, ಯಾರ ಮನೆ ಕಿಟಕಿಯಿಂದ ನೋಡ್ತಾ ಇದ್ದಾರೆ ಅಂತ ಗೊತ್ತಾಗತ್ತೆ ಅಷ್ಟೇ.

ಕಥೆ ಎಲ್ಲಿಂದ ಶುರು ಆಗತ್ತೆ ನೋಡಿ

ಜಗಳದ ಅರ್ಧ ಭಾಗ ಇರೋದು ಶುರು ಮಾಡೋ ಇಸವಿಯಲ್ಲಿ. ಎಡಗಡೆ ಕಾಲಂ ಕ್ರಿ.ಶ. 70ರಿಂದ ಶುರು ಮಾಡಿ, ರೋಮನ್ನರು ಜೆರುಸಲೇಂನ ಎರಡನೇ ದೇವಾಲಯ ಸುಟ್ಟಿದ್ದು, ಆಮೇಲೆ 132ರಿಂದ 135ರ ಬಾರ್ ಕೋಖ್ಬಾ ದಂಗೆ, ಅದನ್ನ ತುಳಿದು ಹಾಕಿದ ಮೇಲೆ ಆ ಪ್ರಾಂತ್ಯದ ಹೆಸರನ್ನೇ ಸಿರಿಯಾ ಪಲೆಸ್ತೀನಾ ಅಂತ ಬದಲಾಯಿಸಿದ್ದು. ಅಲ್ಲಿಂದ ಮುಂದೆ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಯಾವ ದೇಶದಲ್ಲಿದ್ರೂ ಜೆರುಸಲೇಂ ಕಡೆ ಮುಖ ಮಾಡಿ ಪ್ರಾರ್ಥನೆ, ಪಾಸೋವರ್ ಹಬ್ಬದ ಊಟದ ಕೊನೆಗೆ ‘ಮುಂದಿನ ವರ್ಷ ಜೆರುಸಲೇಂನಲ್ಲಿ’ ಅನ್ನೋ ಮಾತು. ಇದರ ಮೇಲೆ 19ನೇ ಶತಮಾನದ ಯುರೋಪ್ ಬಂದು ಕೂರತ್ತೆ: 1881ರಲ್ಲಿ ರಷ್ಯಾದ ಝಾರ್ ಕೊಲೆಯಾದ ಮೇಲೆ ಯಹೂದಿಗಳ ಮೇಲೆ ನಡೆದ ದಾಳಿಗಳು, 1894ರಲ್ಲಿ ಫ್ರಾನ್ಸಿನಲ್ಲಿ ಡ್ರೈಫಸ್ ಅನ್ನೋ ಯಹೂದಿ ಸೈನ್ಯಾಧಿಕಾರಿಯನ್ನ ಸುಳ್ಳು ಕೇಸಲ್ಲಿ ಸಿಕ್ಕಿಸಿದ್ದು, ಆಮೇಲೆ 1903ರಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೆವ್ ಊರಲ್ಲಿ ನಡೆದ ಯಹೂದಿಗಳ ಹತ್ಯೆಗಳು. 1897ರಲ್ಲಿ ಥಿಯೋಡರ್ ಹರ್ಝಲ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಝಿಯೋನಿಸ್ಟ್ ಚಳವಳಿಯ, ಅಂದ್ರೆ ಯಹೂದಿಗಳಿಗೆ ಆ ನೆಲದಲ್ಲಿ ತಮ್ಮದೇ ನೆಲೆ ಬೇಕು ಅನ್ನೋ ಚಳವಳಿಯ, ಮೊದಲ ಕಾಂಗ್ರೆಸ್ ಸೇರಿಸಿದ್ದು ಇವುಗಳಲ್ಲಿ ಮೊದಲ ಎರಡರ ಹಿನ್ನೆಲೆಯಲ್ಲಿ. ಹಾಗಾಗಿ ‘ಹೊಲೊಕಾಸ್ಟ್ ಆಯ್ತು ಅಂತ ಇಸ್ರೇಲ್ ಕೊಟ್ರು’ ಅಂತ ಯಾರಾದ್ರೂ ಒಂದೇ ಸಾಲಲ್ಲಿ ಮುಗಿಸಿದ್ರೆ ಒಪ್ಪಬೇಡಿ, ಚಳವಳಿ ಅದಕ್ಕಿಂತ ನಲವತ್ತು ಐವತ್ತು ವರ್ಷ ಹಳೇದು. ಆದ್ರೆ 1938ರಲ್ಲಿ ಎವಿಯಾನ್‌ನಲ್ಲಿ ಮೂವತ್ತಕ್ಕೂ ಹೆಚ್ಚು ದೇಶ ಸೇರಿ ಯಹೂದಿ ನಿರಾಶ್ರಿತರ ಬಗ್ಗೆ ಮಾತಾಡಿ ಬಹುತೇಕ ಎಲ್ರೂ ಬಾಗಿಲು ಹಾಕ್ಕೊಂಡಿದ್ದು, 1939ರಲ್ಲಿ, ಆಗ ಪ್ಯಾಲೆಸ್ತೀನನ್ನ ಆಳ್ತಿದ್ದ ಬ್ರಿಟನ್ ಐದು ವರ್ಷಕ್ಕೆ 75,000 ಜನ ಮಾತ್ರ ಅಂತ ಪ್ಯಾಲೆಸ್ತೀನಿನ ಬಾಗಿಲನ್ನೂ ಅರ್ಧ ಮುಚ್ಚಿದ್ದು, ಆಮೇಲೆ ಹೊಲೊಕಾಸ್ಟಲ್ಲಿ ನಾಜಿಗಳು 60 ಲಕ್ಷ ಯಹೂದಿಗಳನ್ನ ಕೊಂದಿದ್ದು, ಇದನ್ನ ಎಡಗಡೆ ಕಾಲಂನಲ್ಲಿ ದಪ್ಪ ಅಕ್ಷರದಲ್ಲಿ ಬರೀಬೇಕು. ನಮಗೆ ನಮ್ಮದೇ ಬಾಗಿಲು ಬೇಕು ಅನ್ನೋ ಮಾತು ಹುಟ್ಟೋದು ಅಲ್ಲಿಂದ.

ಬಲಗಡೆ ಕಾಲಂ ಬೇರೆ ಕಡೆಯಿಂದ ಶುರು ಆಗತ್ತೆ. ಅಲ್ಲಿ ಯಾರೂ ಹೋಗಿ ಬರೋ ಮಾತಿಲ್ಲ, ಇದ್ದವರು ಇದ್ದಾರೆ, ತಲೆಮಾರುಗಳಿಂದ ಆಲಿವ್ ತೋಟ, ಊರಿನ ಬಾವಿ, ಯಾಫಾದ ಕಿತ್ತಳೆ, 1517ರಿಂದ ನಾಲ್ಕು ಶತಮಾನ ಆಟೋಮನ್ ತುರ್ಕರ ಆಳ್ವಿಕೆ. ಆಟೋಮನ್ ಭೂಮಿ ಕಾನೂನು ಬಂದ ಮೇಲೆ ಎಷ್ಟೋ ಹೊಲಗಳು ಬೈರೂತ್‌ನಂಥ ಊರಲ್ಲಿ ಕೂತ ಶ್ರೀಮಂತರ ಹೆಸರಿಗೆ ಹೋದ್ವು, ಸುರ್ಸುಕ್ ಕುಟುಂಬ ಜೆಝ್ರೀಲ್ ಕಣಿವೆಯ ಜಮೀನನ್ನ ಝಿಯೋನಿಸ್ಟ್ ಸಂಸ್ಥೆಗೆ ಮಾರಿದಾಗ ಉಳುಮೆ ಮಾಡ್ತಿದ್ದ ಗೇಣಿದಾರರು ಎದ್ದು ಹೋಗಬೇಕಾಯ್ತು. ಒಂದು ಕಡೆಯವರು ದುಡ್ಡು ಕೊಟ್ಟು ಕಾನೂನು ಪ್ರಕಾರ ಕೊಂಡ್ವಿ ಅಂತಾರೆ, ನಿಜ. ಇನ್ನೊಂದು ಕಡೆಯವರು ನಾವು ಮಾರಲೇ ಇಲ್ವಲ್ಲ ಅಂತಾರೆ, ಅದೂ ನಿಜ. ಇಂಥ ಜಾಗದಲ್ಲಿ ಮಧ್ಯದ ಕಾಲಂನಲ್ಲಿ ಏನು ಬರೀಬೇಕು ಅಂತ ತಿಳೀದೆ ಪೆನ್ನು ನಿಂತುಬಿಡತ್ತೆ, ನಿಲ್ಲಲಿ.

ಎರಡೂ ಕಾಲಂ ಬರೆದಾದ ಮೇಲೆ ಒಂದು ಪರೀಕ್ಷೆ ಇದೆ. ಟೆಲ್ ಅವೀವ್‌ನ ಒಬ್ಬ ಅಜ್ಜಿ ಎಡಗಡೆ ಕಾಲಂ ಓದಿದ್ರೆ ‘ಹೌದಪ್ಪಾ, ಇದೇ ನಮ್ಮ ಕಥೆ’ ಅನ್ನಬೇಕು, ಲೆಬನಾನ್‌ನ ನಿರಾಶ್ರಿತರ ಕ್ಯಾಂಪಿನ ಒಬ್ಬ ಅಜ್ಜ ಬಲಗಡೆದು ಓದಿದ್ರೆ ಹಾಗೇ ಅನ್ನಬೇಕು. ಅನ್ನಲ್ಲ ಅನ್ಸಿದ್ರೆ ನೀವು ಅವರ ಕಥೇನ ಅವರ ವಿರೋಧಿಗಳ ಬಾಯಿಂದ ಕೇಳಿ ಬರ್ದಿದ್ದೀರ ಅಂತ ಅರ್ಥ, ಹೊಡೆದು ಹಾಕಿ ಮತ್ತೆ ಬರೀರಿ.

67 ಪದಗಳನ್ನ ಬೆರಳಿಟ್ಟು ಓದಿ

ಮೂಲ ದಾಖಲೆ ಓದೋ ಅಭ್ಯಾಸಕ್ಕೆ ಬಾಲ್ಫೋರ್ ಘೋಷಣೆಗಿಂತ ಒಳ್ಳೇದು ಇಲ್ಲ, ಯಾಕಂದ್ರೆ ಅದರ ಮುಖ್ಯ ಭಾಗ ಇಂಗ್ಲಿಷಲ್ಲಿ 67 ಪದ ಅಷ್ಟೇ. 1917ರ ನವೆಂಬರ್ 2ನೇ ತಾರೀಖು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಆರ್ಥರ್ ಬಾಲ್ಫೋರ್, ಅಲ್ಲಿನ ಯಹೂದಿ ಮುಖಂಡ ಲಾರ್ಡ್ ರಾತ್‌ಸ್‌ಚೈಲ್ಡ್‌ಗೆ ಬರೆದ ಪತ್ರ. ಅದರಲ್ಲಿ ಯಹೂದಿಗಳಿಗೆ ‘ರಾಷ್ಟ್ರೀಯ ನೆಲೆ’ ಅಂತ ಇದೆ, ‘ರಾಷ್ಟ್ರ’ ಅಂತ ಇಲ್ಲ. ‘ಪ್ಯಾಲೆಸ್ತೀನಿನಲ್ಲಿ’ ಅಂತ ಇದೆ, ಇಡೀ ಪ್ಯಾಲೆಸ್ತೀನ್ ಅಂತ ಇಲ್ಲ. ಆಗ ಅಲ್ಲಿದ್ದ ಜನರಲ್ಲಿ ನೂರಕ್ಕೆ ತೊಂಬತ್ತರಷ್ಟು ಅರಬ್ಬರು, ಆದ್ರೆ ಅರಬ್ ಅನ್ನೋ ಪದಾನೇ ಇಲ್ಲ, ‘ಅಲ್ಲಿರುವ ಯಹೂದಿಯೇತರ ಸಮುದಾಯಗಳು’ ಅಂತ ಕರೆದಿದ್ದಾರೆ, ಅವರಿಗೆ ನಾಗರಿಕ ಮತ್ತು ಧಾರ್ಮಿಕ ಹಕ್ಕು ಅಂತ ಇದೆ, ರಾಜಕೀಯ ಅನ್ನೋ ಪದ ಬರೋದು ಬೇರೆ ದೇಶಗಳಲ್ಲಿರೋ ಯಹೂದಿಗಳ ಸ್ಥಾನಮಾನದ ಬಗ್ಗೆ ಹೇಳೋವಾಗ ಮಾತ್ರ. ಎಡಗಡೆಯವರಿಗೆ ಇದು ಎರಡು ಸಾವಿರ ವರ್ಷದ ಮೇಲೆ ಒಂದು ದೊಡ್ಡ ಶಕ್ತಿ ‘ಹೌದು, ನೀವು ಒಂದು ಜನಾಂಗ’ ಅಂತ ಒಪ್ಪಿದ ದಿನ. ಬಲಗಡೆಯವರಿಗೆ, ತನ್ನದಲ್ಲದ ನೆಲವನ್ನ ಯಾರೋ ಇನ್ಯಾರಿಗೋ ಬರೆದುಕೊಟ್ಟ ದಿನ, ಅದೂ ಮನೆಯವರ ಹೆಸರನ್ನೂ ಹೇಳದೆ. ಒಂದೇ ಕಾಗದ.

ಮಧ್ಯದ ಕಾಲಂಗೆ ಒಂದು ಸಂಗತಿ ಕೊಡ್ತೀನಿ: ಬ್ರಿಟಿಷ್ ಸರ್ಕಾರದಲ್ಲಿ ಆಗ ಇದ್ದ ಯಹೂದಿ ಮಂತ್ರಿ ಎಡ್ವಿನ್ ಮಾಂಟೆಗ್ಯೂ ಇದನ್ನ ಗಟ್ಟಿಯಾಗಿ ವಿರೋಧಿಸಿದ್ರು. ಅದೇ ಬಾಸೆಲ್ ಕಾಂಗ್ರೆಸ್ ನಡೆದ 1897ರಲ್ಲೇ ವಿಲ್ನಾದಲ್ಲಿ ಬುಂಡ್ ಅನ್ನೋ ಯಹೂದಿ ಕಾರ್ಮಿಕರ ಪಕ್ಷನೂ ಹುಟ್ಟಿತು, ನಾವು ಇರೋ ಕಡೆನೇ ಹೋರಾಡಿ ಬದುಕಬೇಕು ಅಂತ ಅದರ ವಾದ. ‘ಯಹೂದಿಗಳೆಲ್ಲ ಹೀಗೆ’ ಅಂತಾಗ್ಲಿ ‘ಅರಬ್ಬರೆಲ್ಲ ಹೀಗೆ’ ಅಂತಾಗ್ಲಿ ಬರೆಯೋಕೆ ಕೈ ಹೋದಾಗೆಲ್ಲ ಇಂಥವರನ್ನ ಹುಡುಕಿ ಬರೀರಿ.

ಇದಕ್ಕೂ ಹಿಂದಿನ ಒಂದು ಪತ್ರ ನನ್ನನ್ನ ತುಂಬಾ ಕಾಡತ್ತೆ. 1899ರ ಮಾರ್ಚ್ 1, ಹಿಂದೆ ಜೆರುಸಲೇಂನ ಮೇಯರ್ ಆಗಿದ್ದ ಯೂಸುಫ್ ದಿಯಾ ಅಲ್-ಖಾಲಿದಿ ಅನ್ನೋ ಹಿರಿಯರು ಫ್ರಾನ್ಸಿನ ಮುಖ್ಯ ರಬ್ಬಿ ಝಾಡೋಕ್ ಕಾನ್‌ಗೆ ಫ್ರೆಂಚಲ್ಲಿ ಪತ್ರ ಬರೀತಾರೆ. ಈ ನೆಲದ ಮೇಲೆ ಯಹೂದಿಗಳಿಗೆ ಐತಿಹಾಸಿಕ ಹಕ್ಕಿದೆ, ಅದನ್ನ ಯಾರು ಅಲ್ಲಗಳೀತಾರೆ ಅಂತ ಒಪ್ಕೊಂಡೇ, ಆದ್ರೆ ಇಲ್ಲಿ ಈಗ ಬೇರೆ ಜನ ಇದ್ದಾರೆ, ದೇವರಾಣೆ ಪ್ಯಾಲೆಸ್ತೀನನ್ನ ಅದರ ಪಾಡಿಗೆ ಬಿಟ್ಟುಬಿಡಿ ಅಂತ ಬೇಡ್ಕೋತಾರೆ. ಪತ್ರ ಹರ್ಝಲ್ ಕೈಗೆ ಹೋಗತ್ತೆ, ಮಾರ್ಚ್ 19ಕ್ಕೆ ಅವರು ಉತ್ತರ ಬರೀತಾರೆ: ಅಲ್ಲಿರೋರನ್ನ ಕಳಿಸಬೇಕು ಅಂತ ಯಾರು ಯೋಚಿಸ್ತಾರೆ, ನಾವು ಬಂದ್ರೆ ಅವರ ಸಂಪತ್ತೂ ಹೆಚ್ಚತ್ತೆ ಅಂತ. ಖಾಲಿದಿ ಕೇಳಿದ್ದು ಈ ನೆಲ ಯಾರದ್ದಾಗಬೇಕು ಅಂತ, ಹರ್ಝಲ್ ಕೊಟ್ಟ ಉತ್ತರ ದುಡ್ಡಿನದು. ಈ ಎರಡು ಪತ್ರಾನೂ ಅಕ್ಕಪಕ್ಕ ಇಟ್ಟು ಓದಿ ನೋಡಿ, ಇಬ್ಬರೂ ಮರ್ಯಾದೆಯಿಂದ ಬರೆದಿದ್ದಾರೆ, ಒಬ್ಬರನ್ನೊಬ್ಬರು ಬೈದಿಲ್ಲ, ಆದ್ರೂ ಮುಂದೆ ಆಗೋದೆಲ್ಲಾ ಆ ಕೇಳಿಸಿಕೊಳ್ಳದ ಪ್ರಶ್ನೆಯಲ್ಲೇ ಇದೆ.

ಎರಡು ಘೋಷಣೆಗಳು

ಮುಂದಿನ ಅಭ್ಯಾಸ. 1948ರ ಮೇ 14ರ ಶುಕ್ರವಾರ ಮಧ್ಯಾಹ್ನ ಟೆಲ್ ಅವೀವ್‌ನ ಮ್ಯೂಸಿಯಂ ಹಾಲಲ್ಲಿ ಹರ್ಝಲ್ ಫೋಟೋ ಕೆಳಗೆ ನಿಂತು, ಇಸ್ರೇಲಿನ ಮೊದಲ ಪ್ರಧಾನಿಯಾದ ಬೆನ್-ಗುರಿಯನ್ ಓದಿದ ಸ್ವಾತಂತ್ರ್ಯ ಘೋಷಣೆ ಒಂದು. 1988ರ ನವೆಂಬರ್ 15ಕ್ಕೆ ಅಲ್ಜಿಯರ್ಸ್‌ನಲ್ಲಿ ಪ್ಯಾಲೆಸ್ತೀನಿ ನಾಯಕ ಯಾಸರ್ ಅರಾಫತ್ ಓದಿದ, ಕವಿ ಮಹಮೂದ್ ದರ್ವೀಶ್ ಬರೆದುಕೊಟ್ಟ ಪ್ಯಾಲೆಸ್ತೀನಿ ಸ್ವಾತಂತ್ರ್ಯ ಘೋಷಣೆ ಇನ್ನೊಂದು. ಎರಡೂ ಪುಟ್ಟ ದಾಖಲೆ, ಒಂದು ಸಂಜೇಲಿ ಎರಡನ್ನೂ ಓದಿ ಮುಗಿಸಬಹುದು.

ಮೊದಲ ಸಾಲನ್ನೇ ಹೋಲಿಸಿ. ಇಸ್ರೇಲಿನದು ಯಹೂದಿ ಜನ ಹುಟ್ಟಿದ್ದೇ ಈ ನೆಲದಲ್ಲಿ ಅಂತ ಶುರು ಆಗತ್ತೆ, ಪ್ಯಾಲೆಸ್ತೀನಿನದು ಮೂರು ಧರ್ಮಗಳ ಈ ನೆಲದಲ್ಲಿ ಪ್ಯಾಲೆಸ್ತೀನಿ ಅರಬ್ ಜನ ಹುಟ್ಟಿ ಬೆಳೆದ್ರು ಅಂತ ಶುರು ಆಗತ್ತೆ. ಎರಡೂ ಕಡೆ ‘ನಾವು ಇಲ್ಲೇ ಹುಟ್ಟಿದ್ದು’ ಅನ್ನೋದೇ ಮೊದಲ ಮಾತು. ಆಮೇಲೆ ಎರಡೂ ದಾಖಲೆ ಪ್ಯಾಲೆಸ್ತೀನನ್ನ ಯಹೂದಿ ಮತ್ತು ಅರಬ್ ಅಂತ ಎರಡು ರಾಜ್ಯವಾಗಿ ಹಂಚೋ ವಿಶ್ವಸಂಸ್ಥೆಯ 1947ರ 181ನೇ ನಿರ್ಣಯವನ್ನೇ ಹಿಡ್ಕೋತವೆ, ಆ ನಿರ್ಣಯವನ್ನ ಒಂದು ಕಡೆ ಆಗ ಒಪ್ಪಿತ್ತು, ಇನ್ನೊಂದು ಕಡೆ ಆಗ ತಿರಸ್ಕರಿಸಿತ್ತು, ನಲವತ್ತೊಂದು ವರ್ಷ ಆದ್ಮೇಲೆ ಅವರೂ ಅದರ ಮೇಲೇ ಕೈ ಇಡ್ತಾರೆ. ಗಡಿ ಎಲ್ಲಿ ಅಂತ ಎರಡೂ ಗೀಟು ಹಾಕಿ ಹೇಳಲ್ಲ. ಮತ್ತೆ ಯಾವುದು ಎಲ್ಲಿಲ್ಲ ಅಂತಾನೂ ಬರ್ಕೊಳ್ಳಿ: ಇಸ್ರೇಲಿ ಘೋಷಣೆಯಲ್ಲಿ ಹೊಲೊಕಾಸ್ಟ್ ಇದೆ, ಅರಬ್ ನಿವಾಸಿಗಳಿಗೆ ಸಮಾನ ಹಕ್ಕಿನ ಮಾತಿದೆ, ಆದ್ರೆ ಆ ಹೊತ್ತಿಗಾಗ್ಲೇ ಊರು ಬಿಟ್ಟು ಹೋಗಿದ್ದ ಲಕ್ಷಾಂತರ ಅರಬ್ಬರ ಸುದ್ದಿ ಇಲ್ಲ. ಪ್ಯಾಲೆಸ್ತೀನಿ ಘೋಷಣೆಯಲ್ಲಿ ತಮ್ಮ ಜನರನ್ನ ಕಿತ್ತು ಚೆದುರಿಸಿದ ನೋವಿದೆ, ಆದ್ರೆ ಆ ಯಹೂದಿಗಳು ಯಾವ ಬೆಂಕಿಯಿಂದ ಓಡಿ ಬಂದ್ರು ಅನ್ನೋದು ಇಲ್ಲ.

1948, ಇಲ್ಲಿ ನಿಧಾನ ಮಾಡಿ

ಎಲ್ಲಾ ಕಡೆ ಬೇಗ ಹೋದ್ರೂ ಪರವಾಗಿಲ್ಲ, ಇಲ್ಲಿ ಮಾತ್ರ ಇಸವಿ ಸಾಕಾಗಲ್ಲ, ತಿಂಗಳು ತಾರೀಖು ಬೇಕು. 1947ರ ನವೆಂಬರ್ 29ಕ್ಕೆ ವಿಶ್ವಸಂಸ್ಥೆ ಆ ವಿಭಜನೆಯ ನಿರ್ಣಯ ಪಾಸ್ ಮಾಡ್ತು, ಪರ 33, ವಿರುದ್ಧ 13, ತಟಸ್ಥ 10. ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದು ಭಾಗ ಇದ್ದ ಯಹೂದಿಗಳಿಗೆ ನೆಲದ ಅರ್ಧಕ್ಕಿಂತ ಜಾಸ್ತಿ, ಸುಮಾರು 55 ಪರ್ಸೆಂಟ್. ಬಲಗಡೆ ಕಾಲಂ ಇದನ್ನ ಅನ್ಯಾಯ ಅನ್ನತ್ತೆ, ಅದರ ಜೊತೆ ಯಹೂದಿ ರಾಜ್ಯ ಆಗಬೇಕಿದ್ದ ಭಾಗದೊಳಗೇ ನಾಲ್ಕು ಲಕ್ಷದಷ್ಟು ಅರಬ್ಬರು ಇದ್ರು ಅನ್ನತ್ತೆ. ಎಡಗಡೆ ಕಾಲಂ ಅದರಲ್ಲಿ ದೊಡ್ಡ ಪಾಲು ನೆಗೆವ್ ಮರುಭೂಮಿ, ಹೊಲೊಕಾಸ್ಟಲ್ಲಿ ಬದುಕುಳಿದು ಯುರೋಪಿನ ಕ್ಯಾಂಪುಗಳಲ್ಲಿ ಕೊಳೀತಿದ್ದವರಿಗೆ ಜಾಗ ಬೇಕಿತ್ತು, ನಾವು ಒಪ್ಪಿದ್ವಿ ಅವರು ಯುದ್ಧಕ್ಕೆ ಬಂದ್ರು ಅನ್ನತ್ತೆ. ಎರಡೂ ಕಾಲಂನ ಅಂಕಿಗಳು ಸರಿಯಾಗೇ ಇವೆ, ಯಾವ ಅಂಕಿ ಮುಂದೆ ನಿಲ್ಲಿಸ್ತಾರೆ ಅನ್ನೋದರಲ್ಲಿ ವ್ಯತ್ಯಾಸ.

ಮಾರನೇ ದಿನದಿಂದಲೇ ಹೊಡೆದಾಟ ಶುರುವಾಯ್ತು. 1948ರ ಏಪ್ರಿಲ್ 9ಕ್ಕೆ ಜೆರುಸಲೇಂ ಪಕ್ಕದ ದೇರ್ ಯಾಸೀನ್ ಹಳ್ಳೀಲಿ ಇರ್ಗುನ್ ಮತ್ತು ಲೆಹಿ ಅನ್ನೋ ಯಹೂದಿ ಸಶಸ್ತ್ರ ಪಡೆಗಳು ನೂರಕ್ಕೂ ಹೆಚ್ಚು ಜನರನ್ನ ಕೊಂದ್ವು, ಹೆಂಗಸರು ಮಕ್ಕಳು ಸೇರಿ. ನಾಲ್ಕೇ ದಿನಕ್ಕೆ ಹಡಾಸಾ ಆಸ್ಪತ್ರೆಗೆ ಹೋಗ್ತಿದ್ದ ಡಾಕ್ಟರು ನರ್ಸುಗಳಿದ್ದ ವಾಹನಗಳ ಮೇಲೆ ಅರಬ್ ಪಡೆ ದಾಳಿ ಮಾಡಿ 70ಕ್ಕೂ ಹೆಚ್ಚು ಜನರನ್ನ ಕೊಂದಿತು. ಒಂದು ಕಾಲಂನಲ್ಲಿ ಮೊದಲನೇದು ಮಾತ್ರ ಇರತ್ತೆ, ಇನ್ನೊಂದರಲ್ಲಿ ಎರಡನೇದು ಮಾತ್ರ. ನಿಮ್ಮ ಮಧ್ಯದ ಕಾಲಂನಲ್ಲಿ ಎರಡೂ ತಾರೀಖಿನ ಸಮೇತ ಇರಬೇಕು, ಒಂದರ ಎದುರು ಇನ್ನೊಂದನ್ನ ಸರಿದೂಗಿಸೋಕಲ್ಲ, ಸತ್ತವರು ಸತ್ತಿದ್ದಾರೆ ಅನ್ನೋ ಕಾರಣಕ್ಕೆ.

ಈಗ ದೊಡ್ಡ ಪ್ರಶ್ನೆ: ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಯಾಕೆ ಊರು ಬಿಟ್ರು? ಹಳೇ ಇಸ್ರೇಲಿ ಉತ್ತರ, ಅರಬ್ ನಾಯಕರೇ ರೇಡಿಯೋದಲ್ಲಿ ಹೋಗಿ ಅಂತ ಹೇಳಿದ್ರು ಅಂತ. ಹಳೇ ಪ್ಯಾಲೆಸ್ತೀನಿ ಉತ್ತರ, ಪ್ರತಿ ಊರನ್ನೂ ಒಂದೇ ಪ್ಲಾನ್ ಪ್ರಕಾರ ಓಡಿಸಿದ್ರು ಅಂತ. 1980ರ ದಶಕದಲ್ಲಿ ಇಸ್ರೇಲಿನ ಆರ್ಕೈವ್ಸ್ ತೆರೆದಾಗ ಬೆನ್ನಿ ಮಾರಿಸ್ ಅನ್ನೋ ಇಸ್ರೇಲಿ ಇತಿಹಾಸಕಾರ ಊರೂರಿನ ದಾಖಲೆ ತೆಗೆದು ನೋಡಿದ್ರು. ರೇಡಿಯೋದಲ್ಲಿ ಎಲ್ರೂ ಹೋಗಿ ಅನ್ನೋ ಸಾರಾಸಗಟು ಆದೇಶ ಸಿಗಲಿಲ್ಲ. ಸಿಕ್ಕಿದ್ದು ಬೇರೆ ಬೇರೆ ಊರಿಗೆ ಬೇರೆ ಬೇರೆ ಕಾರಣ: ಶೆಲ್ ದಾಳಿ, ದೇರ್ ಯಾಸೀನ್ ಸುದ್ದಿಯ ಭಯ, ಶ್ರೀಮಂತರು ಮೊದಲೇ ಹೊರಟದ್ದು, ಕೆಲವು ಕಡೆ ಸ್ಥಳೀಯ ಅರಬ್ ಕಮಾಂಡರುಗಳ ಮಾತು, ಎಷ್ಟೋ ಕಡೆ ನೇರ ಹೊರದಬ್ಬುವಿಕೆ. ಹೈಫಾದಲ್ಲಿ ಯಹೂದಿ ಮೇಯರ್ ಶಬ್ತಾಯ್ ಲೆವಿ ಅರಬ್ಬರನ್ನ ಹೋಗಬೇಡಿ ಅಂತ ಬೇಡ್ಕೊಂಡ್ರು, ಅದೇ ಹೊತ್ತಿಗೆ ಮಾರ್ಟರ್ ಶೆಲ್‌ಗಳು ಬಿದ್ದು ಜನ ಬಂದರಿನ ಕಡೆ ಓಡ್ತಿದ್ರು. ಜುಲೈನಲ್ಲಿ ಲಿದ್ದಾ ಮತ್ತು ರಾಮ್ಲೆ ಊರುಗಳಿಂದ 50 ಸಾವಿರಕ್ಕೂ ಹೆಚ್ಚು ಜನರನ್ನ ಸೈನ್ಯದ ಆದೇಶದ ಮೇಲೇ ಬಿಸಿಲಲ್ಲಿ ನಡೆಸಿ ಕಳಿಸಿದ್ರು. ಇದರಲ್ಲಿ ತಾರೀಖು ಯಾಕೆ ಮುಖ್ಯ ಅಂದ್ರೆ, ಮೇ 15ಕ್ಕೆ ಅರಬ್ ದೇಶಗಳ ಸೈನ್ಯ ಒಳಗೆ ಬರೋ ಮುಂಚೆನೇ ಹತ್ತಿರ ಹತ್ತಿರ ಅರ್ಧದಷ್ಟು ಜನ ನಿರಾಶ್ರಿತರಾಗಿ ಆಗಿತ್ತು. ಹಾಗಾಗಿ ‘ಅರಬ್ ಸೈನ್ಯಗಳು ದಾಳಿ ಮಾಡಿದ್ದಕ್ಕೇ ನಿರಾಶ್ರಿತರಾದ್ರು’ ಅನ್ನೋ ಮಾತು ತಾರೀಖಿನ ಮುಂದೆ ನಿಲ್ಲಲ್ಲ. ಅದೇ ಥರ ‘ಯಹೂದಿಗಳಿಗೆ ಯಾವ ಅಪಾಯಾನೂ ಇರ್ಲಿಲ್ಲ’ ಅನ್ನೋದೂ ನಿಲ್ಲಲ್ಲ, ಆ ಯುದ್ಧದಲ್ಲಿ ಸುಮಾರು 6,000 ಜನ ಸತ್ರು, ಅವರ ಜನಸಂಖ್ಯೆಯ ನೂರಕ್ಕೆ ಒಂದು.

ಬೆನ್ನಿ ಮಾರಿಸ್ ಬಗ್ಗೆ ಇನ್ನೊಂದು ವಿಷಯ ಹೇಳ್ಬೇಕು. 2000ದ ನಂತರ ಅವರ ರಾಜಕೀಯ ನಿಲುವು ಬಲಕ್ಕೆ ವಾಲಿತು, ಆದ್ರೆ ಅವರು ತೆಗೆದ ದಾಖಲೆಗಳು ಅವೇ. ಅಂದ್ರೆ ಏನಾಯ್ತು ಅನ್ನೋದು ಒಂದು, ಆಗಿದ್ದು ಸರಿನಾ ಅನ್ನೋದು ಇನ್ನೊಂದು, ಇವೆರಡನ್ನ ನೋಟ್‌ಬುಕ್ಕಲ್ಲಿ ಬೇರೆ ಬೇರೆ ಇಂಕಲ್ಲಿ ಬರೀರಿ ಅಂತ ನಾನು ಹೇಳೋದು ಇದಕ್ಕೇ.

ಇಕ್ರಿತ್ ಅಂತ ಒಂದು ಊರು, ಗಲಿಲೀ ಭಾಗದ ಕ್ರಿಶ್ಚಿಯನ್ ಅರಬ್ ಹಳ್ಳಿ. 1948ರ ನವೆಂಬರ್‌ನಲ್ಲಿ ಸೈನ್ಯ ಎರಡು ವಾರಕ್ಕೆ ಅಂತ ಹೇಳಿ ಖಾಲಿ ಮಾಡಿಸ್ತು. ಅವರು ಇಸ್ರೇಲಿನ ಪ್ರಜೆಗಳೇ ಆದ್ರು, ಕೋರ್ಟಿಗೆ ಹೋದ್ರು, 1951ರ ಜುಲೈನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಡ್ತು. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸೈನ್ಯ ಮನೆಗಳನ್ನ ಸ್ಫೋಟಿಸಿ ಕೆಡವಿತು, ಚರ್ಚ್ ಒಂದನ್ನ ಬಿಟ್ಟು. ಆ ಚರ್ಚ್ ಈಗ್ಲೂ ನಿಂತಿದೆ.

ಇದರ ಎದುರು ಎಡಗಡೆ ಕಾಲಂನಲ್ಲಿ ಒಂದು ದೊಡ್ಡ ಸಂಗತಿ ಬರೀದೇ ಬಿಡೋರು ತುಂಬಾ ಜನ: ಅರಬ್ ದೇಶಗಳ ಯಹೂದಿಗಳು. 1941ರ ಜೂನ್‌ನಲ್ಲೇ ಬಾಗ್ದಾದ್‌ನಲ್ಲಿ ಫರ್ಹೂದ್ ಅನ್ನೋ ದಾಳೀಲಿ ನೂರಾರು ವರ್ಷದಿಂದ ಅಲ್ಲೇ ಇದ್ದ ಯಹೂದಿಗಳ ಪೈಕಿ ಸುಮಾರು 180 ಜನರನ್ನ ಕೊಂದ್ರು. 1948ರ ನಂತರದ ದಶಕಗಳಲ್ಲಿ ಇರಾಕ್, ಯೆಮೆನ್, ಈಜಿಪ್ಟ್, ಮೊರಾಕೋ ಮುಂತಾದ ಕಡೆಯಿಂದ ಸುಮಾರು 8 ಲಕ್ಷ ಜನ ಹೊರಟ್ರು, ಹೆಚ್ಚಿನವರು ಇಸ್ರೇಲಿಗೆ ಬಂದ್ರು, ಎಷ್ಟೋ ಜನ ಆಸ್ತಿ ಪಾಸ್ತಿ ಎಲ್ಲಾ ಬಿಟ್ಟು. ಇಸ್ರೇಲಿಗಳೆಲ್ಲ ಯುರೋಪಿನಿಂದ ಬಂದವರು ಅಂತ ಬರೆಯೋರು ಈ ಮನೆಗಳ ಬಾಗಿಲನ್ನ ತಟ್ಟಿಲ್ಲ.

ಒಂದೇ ಜಾಗದಲ್ಲಿ ನಿಂತು ನೋಡಿ

ದೇಶ ಪೂರ್ತಿ ತಲೆಗೆ ಹೋಗಲ್ಲ ಅನ್ಸಿದ್ರೆ ಒಂದು ಜಾಗ ಹಿಡ್ಕೊಳ್ಳಿ. ಜೆರುಸಲೇಂನ ಪಶ್ಚಿಮ ಗೋಡೆ ಮುಂದಿನ ಆ ದೊಡ್ಡ ಕಲ್ಲು ಹಾಸಿನ ಬಯಲು, ಫೋಟೋದಲ್ಲಿ ಎಲ್ರೂ ನೋಡಿರ್ತೀರ. ಯಹೂದಿಗಳಿಗೆ ಅದು ದೇವಾಲಯದ ಆವರಣದಿಂದ ಉಳಿದ ಗೋಡೆ, ಮುಸ್ಲಿಮರಿಗೆ ಪ್ರವಾದಿಯವರ ಬುರಾಕ್ ಅನ್ನೋ ವಾಹನವನ್ನ ಕಟ್ಟಿದ ಗೋಡೆ. 1928ರಲ್ಲಿ ಯೋಮ್ ಕಿಪ್ಪುರ್ ದಿನ ಗಂಡಸರು ಹೆಂಗಸರ ನಡುವೆ ಪ್ರಾರ್ಥನೆಗೆ ಒಂದು ಪರದೆ ಹಾಕಿದ್ರು, ಬಟ್ಟೆ ಪರದೆ ಅಷ್ಟೇ, ಯಥಾಸ್ಥಿತಿ ಮುರೀತು ಅಂತ ದೂರು ಹೋಗಿ ಬ್ರಿಟಿಷ್ ಪೊಲೀಸರು ಕಿತ್ತು ಹಾಕಿದ್ರು. ಮುಂದಿನ ಆಗಸ್ಟ್‌ಗೆ ಅದು ಗಲಭೆಯಾಗಿ ಹೆಬ್ರಾನ್‌ನಲ್ಲಿ 67 ಯಹೂದಿಗಳನ್ನ ಕೊಂದ್ರು, ಅಲ್ಲೇ ಕೆಲವು ಅರಬ್ ಕುಟುಂಬಗಳು ಯಹೂದಿ ನೆರೆಯವರನ್ನ ಮನೇಲಿ ಬಚ್ಚಿಟ್ಟು ಉಳಿಸಿದ್ವು. ಆ ವಾರ ಒಟ್ಟು 133 ಯಹೂದಿಗಳು, 116 ಅರಬ್ಬರು ಸತ್ರು, ಅರಬ್ಬರಲ್ಲಿ ಹೆಚ್ಚಿನವರು ಬ್ರಿಟಿಷರ ಗುಂಡಿಗೆ.

1948ರಲ್ಲಿ ಹಳೇ ಊರು ಜೋರ್ಡನ್ ಕೈಗೆ ಹೋಯ್ತು. ಯಹೂದಿ ಕೇರಿ ಖಾಲಿ ಆಯ್ತು, ಹುರ್ವಾ ಸಿನಗಾಗ್ ಸ್ಫೋಟಿಸಿದ್ರು, ಕದನವಿರಾಮ ಒಪ್ಪಂದದಲ್ಲಿ ಪವಿತ್ರ ಸ್ಥಳಕ್ಕೆ ಹೋಗೋ ದಾರಿಯ ಮಾತಿದ್ರೂ 19 ವರ್ಷ ಯಹೂದಿಗಳು ಆ ಗೋಡೆ ಹತ್ರ ಹೋಗೋಕಾಗ್ಲಿಲ್ಲ. ಆರು ದಿನದ ಯುದ್ಧದಲ್ಲಿ, 1967ರ ಜೂನ್ 7ಕ್ಕೆ ಇಸ್ರೇಲಿ ಸೈನಿಕರು ಗೋಡೆ ಮುಟ್ಟಿದಾಗ ಅಳ್ತಾ ನಿಂತಿದ್ದು ಅದಕ್ಕೆ. ಆದ್ರೆ ಅವತ್ತು ಅಲ್ಲಿ ಈ ಬಯಲು ಇರಲಿಲ್ಲ, ಗೋಡೆ ಮುಂದೆ ಸಣ್ಣ ಓಣಿ, ಅದಕ್ಕೆ ಅಂಟಿಕೊಂಡು ಮುಗ್ರಾಬಿ ಕೇರಿ, ಸಲಾದಿನ್‌ನ ಮಗ ಉತ್ತರ ಆಫ್ರಿಕಾದ ಯಾತ್ರಿಕರಿಗೆ ವಕ್ಫ್ ಮಾಡಿಕೊಟ್ಟ ಏಳುನೂರು ವರ್ಷಕ್ಕೂ ಹಳೇ ಕೇರಿ. ಜೂನ್ 10ರ ರಾತ್ರಿ ಅಲ್ಲಿದ್ದವರಿಗೆ ಸ್ವಲ್ಪವೇ ಹೊತ್ತು ಕೊಟ್ಟು ಬುಲ್ಡೋಜರ್ ತಂದು ಸುಮಾರು 135 ಮನೆ ಕೆಡವಿ ಬಯಲು ಮಾಡಿದ್ರು. ಇವತ್ತು ಆ ಕಲ್ಲು ಹಾಸಿನ ಮೇಲೆ ನಿಂತವನ ಕಣ್ಣ ಮುಂದೆ ವಾಪಸ್ ಸಿಕ್ಕ ಗೋಡೆ ಇದೆ, ಕಾಲ ಕೆಳಗೆ ಕೆಡವಿದ ಮನೆಗಳಿವೆ.

ಕೋಟ್‌ಗಳನ್ನ ನಂಬೋ ಮುಂಚೆ

ಫಾರ್ವರ್ಡ್ ಆಗಿ ಬರೋ ಹೇಳಿಕೆಗಳಿಗೆ ಯಾರು, ಯಾವತ್ತು, ಯಾವ ಭಾಷೇಲಿ, ಹಿಂದಿನ ಸಾಲು ಏನಿತ್ತು ಅಂತ ಕೇಳಿ. ಅರಬ್ ಲೀಗಿನ ಕಾರ್ಯದರ್ಶಿ ಅಝ್ಝಾಂ 1948ರ ಮೇ 15ಕ್ಕೆ ‘ಇದು ಸರ್ವನಾಶದ ಯುದ್ಧ’ ಅಂತ ಗುಡುಗಿದ್ರು ಅಂತ ಹತ್ತಾರು ವರ್ಷ ಬರೆದ್ರು. ಆ ಮಾತು ನಿಜವಾಗ್ಲೂ ಬಂದಿದ್ದು 1947ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಒಂದು ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಯಹೂದಿಗಳು ನಮ್ಮನ್ನ ಈ ಯುದ್ಧಕ್ಕೆ ತಳ್ಳದೇ ಇರ್ಲಿ ಅಂತ ಮೊದಲು ಹೇಳಿ, ಆಮೇಲೆ. ಮಾತು ಭಯಂಕರವೇ, ಆದ್ರೆ ತಾರೀಖು ಮತ್ತು ಮೊದಲ ಸಾಲು ಹೋದ್ರೆ ಅದು ಬೇರೆ ಮಾತಾಗತ್ತೆ. ಇನ್ನೊಂದು ಕಡೆ, ಬೆನ್-ಗುರಿಯನ್ 1937ರಲ್ಲಿ ಮಗನಿಗೆ ಬರೆದ ಪತ್ರದಲ್ಲಿ ‘ಅರಬ್ಬರನ್ನ ಹೊರಹಾಕಬೇಕು’ ಅಂದ್ರು ಅಂತ ಹರಿದಾಡೋ ಸಾಲು. ಕೈಬರಹದಲ್ಲಿ ಅಲ್ಲಿ ಪದಗಳನ್ನ ಹೊಡೆದು ಹಾಕಿದ್ದಾರೆ, ಹೇಗೆ ಓದ್ತೀರ ಅನ್ನೋದರ ಮೇಲೆ ಅರ್ಥ ಉಲ್ಟಾ ಆಗತ್ತೆ, ವಿದ್ವಾಂಸರೇ ಜಗಳ ಆಡ್ತಾರೆ. ಇಂಥದ್ದನ್ನ ಮಧ್ಯದ ಕಾಲಂಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸೇರಿಸಿ.

ಆ ಯುದ್ಧದ ಮೇಲೆ 1967ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮಾಡಿದ 242ನೇ ನಿರ್ಣಯ ಇನ್ನೂ ಸೂಕ್ಷ್ಮ. ಇಂಗ್ಲಿಷ್ ಪ್ರತೀಲಿ ಆಕ್ರಮಿತ ‘ಪ್ರದೇಶಗಳಿಂದ’ ಹಿಂದೆ ಸರೀಬೇಕು ಅಂತಿದೆ, ಎಲ್ಲಾ ಪ್ರದೇಶ ಅಂತ ಗೊತ್ತುಪಡಿಸೋ ‘ದಿ’ (the) ಅನ್ನೋ ಪುಟ್ಟ ಪದ ಅಲ್ಲಿಲ್ಲ. ಫ್ರೆಂಚ್ ಪ್ರತಿಯನ್ನ ‘ಆ ಪ್ರದೇಶಗಳಿಂದ’ ಅಂತ ಓದಬಹುದು. ಆ ಒಂದು ಪದದ ಮೇಲೆ ಐವತ್ತು ವರ್ಷಕ್ಕೂ ಮೇಲೆ ವಾದ ನಡೀತಿದೆ.

ಇನ್ನೊಂದು ಮಾತು ಪದೇ ಪದೇ ಬರತ್ತೆ, ‘ಪ್ಯಾಲೆಸ್ತೀನಿಯರು ಅಂತ ಯಾರೂ ಇರ್ಲಿಲ್ಲ, 1967ರ ಮೇಲೆ ಹುಟ್ಟಿಸಿದ್ದು’ ಅಂತ. ಯಾಫಾದಲ್ಲಿ 1911ರಲ್ಲೇ ‘ಫಲಸ್ತೀನ್’ ಅನ್ನೋ ಹೆಸರಲ್ಲೇ ಪತ್ರಿಕೆ ಬರ್ತಿತ್ತು. ಹೌದು, 1919ರ ಜೆರುಸಲೇಂ ಸಮ್ಮೇಳನದಲ್ಲಿ ಅವರೇ ತಮ್ಮನ್ನ ಸಿರಿಯಾದ ಭಾಗ ಅಂತಾನೂ ಕರ್ಕೊಂಡಿದ್ರು, ಅದನ್ನೂ ಬರೀರಿ. ಯಾವ ರಾಷ್ಟ್ರಭಾವನೇನೂ ಒಂದೇ ಬೆಳಿಗ್ಗೆ ಹುಟ್ಟಲ್ಲ, ಯಹೂದಿ ಮಾತೃಭಾಷೆಯಾಗಿ ಹೀಬ್ರೂ ಮತ್ತೆ ಎದ್ದು ನಿಂತಿದ್ದೂ 1881ರ ನಂತರ ಎಲಿಯೇಝರ್ ಬೆನ್-ಯೆಹೂದಾ ಥರದವರು ಮನೆಮನೇಲಿ ಮಾತಾಡಿಸಿದ ಮೇಲೇ.

ಸಾಕ್ಷಿಗಳನ್ನ ತೂಗೋವಾಗ್ಲೂ ಒಂದು ಎಚ್ಚರ. ಇಸ್ರೇಲಿನ ಹತ್ರ ಒಂದು ರಾಜ್ಯದ ಆರ್ಕೈವ್ಸ್ ಇದೆ, ಪ್ಯಾಲೆಸ್ತೀನಿಯರ ಕಾಗದ ಪತ್ರಗಳು ಚೆಲ್ಲಾಪಿಲ್ಲಿ, ಬೈರೂತ್‌ನಲ್ಲಿ ಅವರು ಕಟ್ಟಿಕೊಂಡಿದ್ದ ಸಂಶೋಧನಾ ಕೇಂದ್ರದ ಸಂಗ್ರಹವನ್ನ 1982ರಲ್ಲಿ ಇಸ್ರೇಲಿ ಸೈನ್ಯ ಹೊತ್ತೊಯ್ದಿತ್ತು, ಮುಂದಿನ ವರ್ಷ ಕೈದಿಗಳ ವಿನಿಮಯದ ಹೊತ್ತಿಗೆ ವಾಪಸ್ ಬಂತು. ಹಾಗಾಗಿ ಬಲಗಡೆ ಕಾಲಂ ಜಾಸ್ತಿ ಬಾಯಿಮಾತಿನ ನೆನಪಿನ ಮೇಲೆ ನಿಲ್ಲತ್ತೆ. ಸರ್ಕಾರಿ ಸೀಲ್ ಇಲ್ಲ ಅಂತ ಅದನ್ನ ಕಡೆಗಣಿಸಬೇಡಿ, ಅಜ್ಜಿ ಹೇಳಿದ್ದು ಅಂತ ಪರಿಶೀಲಿಸದೆ ಒಪ್ಪಲೂಬೇಡಿ.

ಮಧ್ಯದ ಕಾಲಂ ಅಂದ್ರೆ ಮಧ್ಯಸ್ಥಿಕೆ ಅಲ್ಲ

ಇದು ನನಗೆ ತುಂಬಾ ಮುಖ್ಯ ಅನ್ನಿಸೋ ವಿಷಯ. ಎರಡು ಕಥೆ ಇದೆ ಅಂದಾಕ್ಷಣ ಸತ್ಯ ಸರಿಯಾಗಿ ನಡುವೆ ಇದೆ ಅಂತ ಅರ್ಥ ಅಲ್ಲ. ಹೊಲೊಕಾಸ್ಟ್ ಆಗಿದ್ದು ಒಂದು ಕಡೆಯ ಕಥನ ಅಲ್ಲ, ಆಗಿದೆ. ನಾನೂರಕ್ಕೂ ಹೆಚ್ಚು ಪ್ಯಾಲೆಸ್ತೀನಿ ಹಳ್ಳಿಗಳು ಖಾಲಿಯಾಗಿದ್ದು ಕಥನ ಅಲ್ಲ, ಆಗಿದೆ. ಜೆರುಸಲೇಂನ ಮುಫ್ತಿ ಹಾಜ್ ಅಮೀನ್ 1941ರ ನವೆಂಬರ್‌ನಲ್ಲಿ ಹಿಟ್ಲರನ್ನ ಭೇಟಿ ಮಾಡಿದ್ದು ಆಗಿದೆ, ಅದರಿಂದ ಒಂದು ಇಡೀ ಜನ ನಾಜಿಗಳಾಗಲಿಲ್ಲ ಅನ್ನೋದೂ ಅಷ್ಟೇ ನಿಜ. ಇಂಥವನ್ನ ಪೆನ್ನಲ್ಲಿ ಬರೀರಿ. ಯಾವುದರಿಂದ ಯಾವುದು ಹುಟ್ಟಿತು, ಯಾರ ಹೊಣೆ ಎಷ್ಟು, ಏನು ಪರಿಹಾರ ಅನ್ನೋದೆಲ್ಲ ವಾದ, ಅಲ್ಲಿ ನಿಮ್ಮ ಅಭಿಪ್ರಾಯ ನಿಮ್ಮ ಹೆಸರಲ್ಲೇ ಬರೀರಿ.

ಇಸ್ರೇಲ್ ಮತ್ತು ಪ್ಯಾಲೆಸ್ತೀನಿ ನಾಯಕರ ನಡುವಿನ ಓಸ್ಲೋ ಒಪ್ಪಂದ, 1995ರಲ್ಲಿ ಇಸ್ರೇಲಿನ ಪ್ರಧಾನಿ ರಾಬಿನ್ ಅವರನ್ನ ಒಬ್ಬ ಯಹೂದಿ ಉಗ್ರನೇ ಕೊಂದಿದ್ದು, 2000ದ ಕ್ಯಾಂಪ್ ಡೇವಿಡ್ ಮಾತುಕತೆ ಮುರಿದಿದ್ದು, ಬಸ್ಸುಗಳಲ್ಲಿ ಆತ್ಮಹತ್ಯಾ ಬಾಂಬ್, ವೆಸ್ಟ್ ಬ್ಯಾಂಕಲ್ಲಿ ಬೆಳೀತಾ ಹೋದ ಇಸ್ರೇಲಿ ಸೆಟಲ್‌ಮೆಂಟುಗಳು, ಗಾಜಾ ದಿಗ್ಬಂಧನ, ಇವಕ್ಕೂ ಇದೇ ಮೂರು ಕಾಲಂ ಸಾಕು, ಇಷ್ಟೊತ್ತಿಗೆ ಕೈ ಪಳಗಿರತ್ತೆ.

ಕೊನೆಯ ಪುಟಗಳು ಬೇರೆ ಥರ ಇರಬೇಕು. 2023ರ ಅಕ್ಟೋಬರ್ 7ಕ್ಕೆ ಹಮಾಸ್ ನೇತೃತ್ವದ ದಾಳೀಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ರು, 251 ಜನರನ್ನ ಒತ್ತೆಯಾಳಾಗಿ ಎಳೆದೊಯ್ದ್ರು, ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ರು, ಹೆಚ್ಚೂ ಕಮ್ಮಿ ಇಡೀ ಜನಸಂಖ್ಯೆ ಮನೆ ಬಿಟ್ಟು ಅಲೀಬೇಕಾಯ್ತು. ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಇದನ್ನ ನರಮೇಧ ಅಂತ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ತಗೊಂಡು ಹೋಯ್ತು, ಇಸ್ರೇಲ್ ಇದು ಆತ್ಮರಕ್ಷಣೆ ಅಂತು. ಎಡಗಡೆ ಕಾಲಂನಲ್ಲಿ ಜನ ತಕ್ಷಣ ಕಿಶಿನೆವ್, ಹೊಲೊಕಾಸ್ಟ್ ನೆನೆಸಿಕೊಂಡ್ರು, ಬಲಗಡೆಯವರು ಎರಡನೇ ನಕ್ಬಾ ಅಂದ್ರು, ಅಂದ್ರೆ ಹೊಸ ಪುಟ ಬರೆಯೋವಾಗ್ಲೂ ಇಬ್ಬರ ಕೈಗೂ ಬಂದಿದ್ದು ಹಳೇ ಪುಟದ ಪದಗಳೇ. ಈ ಭಾಗವನ್ನ ಪೆನ್ಸಿಲ್‌ನಲ್ಲಿ ಬರೀರಿ, ಪ್ರತಿ ಅಂಕಿ ಪಕ್ಕ ಅದು ಯಾರು ಕೊಟ್ಟಿದ್ದು, ನೀವು ಯಾವತ್ತು ಬರ್ಕೊಂಡಿದ್ದು ಅಂತ ತಾರೀಖು ಹಾಕಿ, ಮತ್ತೆ ಮಧ್ಯದ ಕಾಲಂಗೆ ಬೇರೆ ಎರಡಕ್ಕಿಂತ ಅಗಲ ಜಾಗ ಬಿಡಿ.